ಮಲೆನಾಡಿನ ಮನೆಗಳಲ್ಲಿ ನಿಸ್ತಂತು ದೂರವಾಣಿ

ಬೇಲೂರು ತಾಲ್ಲೂಕು ಶಾಸನಗಳ ನಾಡೆಂದು ಹೆಸರಾದುದು. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದೆಂದು ಪ್ರಸಿದ್ಧವಾಗಿರುವ, ಕ್ರಿ. ಶ. ೪೫೦ರ ಸುಮಾರಿನ ಹಲ್ಮಿಡಿಯ ಶಾಸನವು ದೊರೆತುದು ಈ ತಾಲ್ಲೂಕಿನಲ್ಲಿಯೇ. ೧೯೩೬ರಲ್ಲಿ ಅದನ್ನು ಬೆಳಕಿಗೆ ತಂದವರು ಮೈಸೂರು ಸಂಸ್ಥಾನದ ಪ್ರಾಕ್ತನ ಸಂಶೋಧನ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು. ಮಾತನ್ನು ಕಾಲದ ಆಚೆಗೆ ಮುಟ್ಟಿಸುವ ಉಪಾಯವಿದು. ಕಲ್ಲಿನ ಮೇಲೆ ಕೊರೆದ ಅಕ್ಷರವು ಹದಿನೈದು ನೂರು ವರ್ಷ ಕಳೆದರೂ ಓದುವವನನ್ನು ಕಾದು ನಿಂತಿರುತ್ತದೆ. ಆದರೆ ಅದೇ ತಾಲ್ಲೂಕಿನ ಪಡುವಣ ಭಾಗದ ಅರೇಹಳ್ಳಿ ಹೋಬಳಿಯಂಥ ಮಲೆನಾಡಿನ ಮನೆಗಳನ್ನು ಬಹುಕಾಲ ಕಾಡಿದ ಪ್ರಶ್ನೆ ಬೇರೆ. ಗುಡ್ಡದ ಆಚೆಗಿರುವವನಿಗೆ, ತೋಟದ ಕೆಳಗಿನ ತುದಿಯಲ್ಲಿರುವವನಿಗೆ, ಹಾಸನದಲ್ಲಿಯೋ ಬೆಂಗಳೂರಿನಲ್ಲಿಯೋ ಇರುವ ಮಗನಿಗೆ ಒಂದು ಮಾತನ್ನು ಈ ಕ್ಷಣದಲ್ಲಿಯೇ ಮುಟ್ಟಿಸುವುದು ಹೇಗೆ ಎಂಬುದೇ ಆ ಪ್ರಶ್ನೆ. ಅದಕ್ಕೆ ದೊರೆತ ಉತ್ತರಗಳಲ್ಲಿ, ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ತೋಟದ ಮನೆಗಳ ಹಜಾರಕ್ಕೆ ಬಂದ ತಂತಿಯಿಲ್ಲದ ದೂರವಾಣಿ, ಎಂದರೆ ಜನ ಕಾರ್ಡ್‌ಲೆಸ್ ಫೋನೆಂದು ಕರೆಯುವ ಉಪಕರಣವೂ ಒಂದು. ಅದರ ಚರಿತ್ರೆಯನ್ನೂ ಬಳಕೆಯ ಕ್ರಮವನ್ನೂ ಒಟ್ಟಿಗೆ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಒಂದೊಂದು ತಂತಿ ಕಳಚಿದಾಗಲೂ ಮನುಷ್ಯನು ಮತ್ತೊಂದು ಕಾಣದ ತಂತಿಗೆ ಕಟ್ಟುಬಿದ್ದಿದ್ದಾನೆ. ಆ ಕಾಣದ ತಂತಿ ಯಾವುದೆಂಬುದನ್ನು ಬಲ್ಲವನಿಗೆ ಮಾತ್ರ ಉಪಕರಣವು ಆಪತ್ಕಾಲದಲ್ಲಿ ನೆರವಾಗುತ್ತದೆ.

ಅರೇಹಳ್ಳಿಯ ಸುತ್ತಣ ಸೀಮೆಯಲ್ಲಿ ಕಾಫಿ, ಮೆಣಸು, ಏಲಕ್ಕಿಗಳ ತೋಟಗಳು ದಿಣ್ಣೆಯಿಂದ ದಿಣ್ಣೆಗೆ ಹಬ್ಬಿವೆ; ತಗ್ಗಿನಲ್ಲಿ ಗದ್ದೆಗಳಿವೆ. ಬಯಲುಸೀಮೆಯ ಊರಿನಂತೆ ಇಲ್ಲಿ ಮನೆಗಳು ಒಂದರ ಗೋಡೆಗೆ ಒಂದು ಒರಗಿ ಬೀದಿಯಾಗಿ ನಿಲ್ಲುವುದಿಲ್ಲ. ಒಂದು ತೋಟದ ಮನೆಗೂ ಮತ್ತೊಂದಕ್ಕೂ ಮೈಲಿಯ ಅಂತರವಿರುವುದುಂಟು. ಒಂದೇ ತೋಟದ ಆವರಣದಲ್ಲಿಯೂ ವಾಸದ ಮನೆ, ಕಾಫಿ ಒಣಗಿಸುವ ಕಣ, ಗೋದಾಮು, ಪಲ್ಪರ್ ಮನೆ, ಕೊಟ್ಟಿಗೆ, ಕೂಲಿಕಾರರ ಲೈನುಮನೆ ಇವೆಲ್ಲ ಬೇರೆಬೇರೆಯಾಗಿ ಹರಡಿರುತ್ತವೆ. ಇಂಥ ಕಡೆಯಲ್ಲಿ ಹಿಂದಿನವರು ದೂರವನ್ನು ಹೇಳಲು ಬಳಸುತ್ತಿದ್ದ ಮಾನಕ್ಕೆ ಕೂಗಳತೆಯೆಂದು ಹೆಸರು. ಒಬ್ಬನು ಕೂಗಿದರೆ ಮತ್ತೊಬ್ಬನಿಗೆ ಕೇಳುವಷ್ಟು ದೂರವೇ ಕೂಗಳತೆ. ಗಜ ಮೈಲಿಗಳಂತೆ ಅದು ನೆಲದ ಅಳತೆಯಲ್ಲ. ಮನುಷ್ಯನ ದನಿಯ ಅಳತೆ. ಗಾಳಿ ಬೀಸಿದರೆ ಅದು ಹಿಗ್ಗುತ್ತದೆ, ಮುಂಗಾರಿನ ಮಳೆ ಹಿಡಿದರೆ ಕುಗ್ಗುತ್ತದೆ. ಆಷಾಢದ ಜಡಿಮಳೆಯಲ್ಲಿ ಹಂಚಿನ ಮಾಡಿನ ಕೆಳಗೆ ನಿಂತವನ ಕೂಗು ಅಂಗಳವನ್ನು ಕೂಡ ದಾಟುವುದಿಲ್ಲ. ದೂರವಾಣಿಯ ಚರಿತ್ರೆಯೆಂದರೆ ಈ ಕೂಗಳತೆಯನ್ನು ಹಿಗ್ಗಿಸಿದ ಚರಿತ್ರೆಯೇ ಸರಿ.

ಅಲೆಕ್ಸಾಂಡರ್ ಗ್ರಹಾಂ ಬೆಲ್ಲನಿಗೆ ದೂರವಾಣಿಯ ಹಕ್ಕುಪತ್ರ ದೊರೆತುದು ೧೮೭೬ರಲ್ಲಿ. ಅದಾದ ಆರು ವರ್ಷಗಳೊಳಗೆ ಈ ಯಂತ್ರವು ಭಾರತಕ್ಕೆ ಬಂದಿತು. ೧೮೮೨ನೆಯ ಜನವರಿ ೨೮ರಂದು ಓರಿಯೆಂಟಲ್ ಟೆಲಿಫೋನ್ ಕಂಪೆನಿಯವರ ವಿನಿಮಯ ಕೇಂದ್ರಗಳು ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಆರಂಭವಾದುವು. ಕಲ್ಕತ್ತೆಯ ಕೇಂದ್ರಕ್ಕೆ ಮೊದಲು ಸೇರಿದ ಚಂದಾದಾರರು ೯೩ ಮಂದಿ ಮಾತ್ರ. ಅಂದಿನ ಏರ್ಪಾಡಿನಲ್ಲಿ ಪ್ರತಿಯೊಂದು ಮನೆಯಿಂದಲೂ ಒಂದು ಜೋಡಿ ತಾಮ್ರದ ತಂತಿ ಕೇಂದ್ರದವರೆಗೆ ಹೋಗಬೇಕು. ಕೇಂದ್ರದಲ್ಲಿ ಕುಳಿತವರು ಈ ಜೋಡಿಯನ್ನು ಆ ಜೋಡಿಗೆ ಕೈಯಿಂದ ಸೇರಿಸಬೇಕು. ಪಟ್ಟಣದಲ್ಲಿ ಇದು ಸಾಧ್ಯವಾದ ಮಾತು. ನೂರು ಮನೆಗಳು ಒಂದೇ ಬೀದಿಯಲ್ಲಿದ್ದರೆ ಒಂದೇ ಸಾಲು ಕಂಬ ಸಾಕು. ಆದರೆ ಗುಡ್ಡಕ್ಕೊಂದು ಮನೆಯಿರುವ ಕಡೆ ಒಂದು ಮನೆಗಾಗಿ ಮೈಲಿಯುದ್ದದ ತಂತಿಯೆಳೆಯಲು ಯಾವ ಇಲಾಖೆಯೂ ಉತ್ಸಾಹ ತೋರುವುದಿಲ್ಲ. ೧೯೪೭ರಲ್ಲಿ ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿದ್ದ ದೂರವಾಣಿಗಳು ಎಂಬತ್ತು ಸಾವಿರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಮರುವರ್ಷವೇ, ೧೯೪೮ರಲ್ಲಿ, ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಸ್ಥಾಪಿತವಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂಬ ಹೆಸರು ನಿಂತುದು ಕನ್ನಡಿಗರಿಗೆ ತಿಳಿದೇ ಇದೆ. ದೇಶದ ಮನೆಮನೆಯ ಮೇಜಿನ ಮೇಲೆ ಕುಳಿತ, ಬೆರಳಿಟ್ಟು ತಿರುಗಿಸುವ ಚಕ್ರವುಳ್ಳ ಕರಿಯ ಫೋನು ಬಹುಕಾಲ ಈ ಕಾರ್ಖಾನೆಯಿಂದಲೇ ಹೊರಟುಬರುತ್ತಿತ್ತು.

ತಂತಿಯ ಕಥೆ ಹೀಗಿರಲು, ತಂತಿಯಿಲ್ಲದೆ ಮಾತನ್ನು ಕಳುಹುವ ಯತ್ನವೂ ಅದರ ಜೊತೆಜೊತೆಯಲ್ಲಿಯೇ ಹುಟ್ಟಿತೆಂಬುದು ಗಮನಿಸತಕ್ಕ ಸಂಗತಿ. ದೂರವಾಣಿಯನ್ನು ಕಂಡುಹಿಡಿದ ನಾಲ್ಕೇ ವರ್ಷಗಳಲ್ಲಿ, ೧೮೮೦ರಲ್ಲಿ, ಬೆಲ್ಲನೂ ಅವನ ಸಹಾಯಕನಾದ ಟೇಂಟರನೂ ವಾಷಿಂಗ್ಟನ್ ನಗರದಲ್ಲಿ ಬೆಳಕಿನ ಕಿರಣದ ಮೇಲೆ ದನಿಯನ್ನು ಹೊರಿಸಿ, ಸುಮಾರು ೨೧೩ ಮೀಟರುಗಳಷ್ಟು ದೂರ ಕಳುಹಿದರು. ಮೋಡ ಕವಿದರೆ ಮಾತು ನಿಲ್ಲುತ್ತಿದ್ದುದರಿಂದ ಆ ಯಂತ್ರ ಬಳಕೆಗೆ ಬರಲಿಲ್ಲ. ತರುವಾಯ ಹರ್ಟ್ಸ್ ಎಂಬ ಜರ್ಮನ್ ಪಂಡಿತನು ವಿದ್ಯುತ್ಕಾಂತ ತರಂಗಗಳನ್ನು ಪ್ರಯೋಗದಿಂದ ತೋರಿಸಿದನು. ೧೮೯೫ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯ ಪುರಭವನದಲ್ಲಿ ಅಂಥ ತರಂಗಗಳನ್ನು ಗೋಡೆಗಳ ಆಚೆಗೆ ಹಾಯಿಸಿ, ದೂರದಲ್ಲಿದ್ದ ಗಂಟೆಯನ್ನು ಬಾರಿಸಿ, ಸಿಡಿಮದ್ದನ್ನು ಹೊತ್ತಿಸಿ ತೋರಿದರು. ಬೆಳಕು ದಾಟಲಾರದ ಗೋಡೆಯನ್ನು ಈ ತರಂಗ ದಾಟುತ್ತದೆಂಬ ಸಂಗತಿ ಇಂದಿನ ಮನೆಯ ನಿಸ್ತಂತು ದೂರವಾಣಿಗೆ ಮೂಲಾಧಾರ. ೧೯೦೦ರಲ್ಲಿ ಫೆಸೆಂಡೆನ್ ಎಂಬಾತನು ಅಮೆರಿಕದಲ್ಲಿ ಈ ತರಂಗಗಳ ಮೇಲೆ ಮನುಷ್ಯನ ಮಾತನ್ನೇ ಕಳುಹಿದನು. ಕನ್ನಡನಾಡಿನಲ್ಲಿಯೂ ಒಂದು ವಾಸದ ಮನೆಯಿಂದಲೇ ನಿಸ್ತಂತು ದನಿ ಹೊರಟುದುಂಟು. ೧೯೩೫ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಸ್ಥಾಪಿಸಿದ ಬಾನುಲಿ ಕೇಂದ್ರವೇ ಅದು. ಅದರ ಆಕಾಶವಾಣಿಯೆಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು.

ಆದರೆ ಆಕಾಶವು ಎಲ್ಲರದಾಗಿದ್ದರೂ ಅದರಲ್ಲಿ ತರಂಗವನ್ನು ಬಿಡುವ ಸ್ವಾತಂತ್ರ್ಯ ಎಲ್ಲರಿಗೂ ಇರಲಿಲ್ಲ. ೧೮೮೫ರ ತಂತಿ ಕಾಯಿದೆ ತಂತಿಯನ್ನು ಸರಕಾರದ ಹಕ್ಕಿಗೆ ಒಪ್ಪಿಸಿದ್ದರೆ, ೧೯೩೩ರ ನಿಸ್ತಂತು ಕಾಯಿದೆ ಪರವಾನಗಿಯಿಲ್ಲದೆ ಅಂಥ ಯಂತ್ರವನ್ನು ಮನೆಯಲ್ಲಿಟ್ಟುಕೊಳ್ಳುವುದನ್ನೇ ಅಪರಾಧವನ್ನಾಗಿ ಮಾಡಿತು. ಈ ಎರಡು ಕಾಯಿದೆಗಳ ಸ್ಥಾನದಲ್ಲಿ ೨೦೨೩ರ ದೂರಸಂಪರ್ಕ ಕಾಯಿದೆ ಬಂದಿದೆ. ತಂತಿ ಕಳಚಿದ ಕಡೆ ಉಳಿಯುವ ಕಾಣದ ಕಟ್ಟುಗಳಲ್ಲಿ ಈ ಅನುಮತಿಯೆಂಬುದು ಮೊದಲನೆಯದು.

ಹಳ್ಳಿಗಾಡಿಗೆ ದೂರವಾಣಿ ಬರುವುದು ಮಾತ್ರ ಬಹಳ ತಡವಾಯಿತು. ೧೯೮೦ರಲ್ಲಿ ಸುಮಾರು ಎಪ್ಪತ್ತು ಕೋಟಿ ಜನರಿದ್ದ ದೇಶದಲ್ಲಿ ಇದ್ದ ದೂರವಾಣಿಗಳು ಸುಮಾರು ೨೫ ಲಕ್ಷ. ಆರು ಲಕ್ಷ ಹಳ್ಳಿಗಳಲ್ಲಿ ನೂರಕ್ಕೆ ಮೂರರಷ್ಟಕ್ಕೆ ಮಾತ್ರ ಈ ಸೌಕರ್ಯವಿತ್ತು. ಪರಸ್ಥಳಕ್ಕೆ ಮಾತನಾಡಬೇಕಾದವನು ಟ್ರಂಕ್ ಕಾಲ್ ಬರೆಸಿ, ಗಂಟೆಗಟ್ಟಲೆ ಕಾದು, ದನಿ ಕೇಳಿಸಿದ ಮೇಲೆ ಊರಿಗೆಲ್ಲ ಕೇಳುವಂತೆ ಕಿರಿಚಬೇಕಾಗಿತ್ತು. ಕೂಗಳತೆ ಹಿಗ್ಗಿದ್ದರೂ ಕೂಗುವುದು ತಪ್ಪಿರಲಿಲ್ಲ. ಮಲೆನಾಡಿನಲ್ಲಿ ಇದಕ್ಕೆ ಇನ್ನೂ ಒಂದು ತೊಡಕು ಸೇರುತ್ತಿತ್ತು. ತೋಟದ ನೆರಳಿಗಾಗಿ ಬೆಳೆಸಿದ ಸಿಲ್ವರ್ ಮರ, ಹಾಲುವಾಣಗಳ ನಡುವೆ ಹಾದುಹೋದ ತಂತಿಯ ಮೇಲೆ ಮಳೆಗಾಲದ ಗಾಳಿಗೆ ಕೊಂಬೆ ಮುರಿದು ಬೀಳುವುದು ಸಾಮಾನ್ಯ. ನೀರು ಹೊಕ್ಕ ಜಂಟಿನಲ್ಲಿ ತಾಮ್ರ ಕಿಲುಬುತ್ತದೆ. ಮಾತು ಹೆಚ್ಚಾಗಿ ಬೇಕಾಗುವ ಕಾಲದಲ್ಲಿಯೇ ಫೋನು ಮೂಕವಾಗುತ್ತದೆ.

ಈ ಸ್ಥಿತಿಗೆ ಪರಿಹಾರದ ಮೊದಲ ಹೆಜ್ಜೆ ಕನ್ನಡನಾಡಿನಲ್ಲಿಯೇ ನೆಲವೂರಿತು. ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಎಂಬ ಸಂಸ್ಥೆ, ಸ್ಯಾಮ್ ಪಿತ್ರೋಡಾ ಮೊದಲಾದವರ ಮುಂದಾಳುತನದಲ್ಲಿ, ಹಳ್ಳಿಗಾಗಿಯೇ ಒಂದು ಚಿಕ್ಕ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು ರಚಿಸಿತು. ಪರದೇಶದ ಯಂತ್ರಗಳಿಗೆ ತಂಪು ಕೋಣೆ ಬೇಕು. ಈ ಯಂತ್ರವು ಬಿಸಿಲು ಧೂಳುಗಳನ್ನು ತಡೆದುಕೊಂಡು, ತಂಪು ಕೋಣೆಯ ಹಂಗಿಲ್ಲದೆ ನಡೆಯುವಂಥದು. ೧೨೮ ಕೊನೆಗಳುಳ್ಳ ಅಂಥ ಮೊದಲನೆಯ ಕೇಂದ್ರವು ೧೯೮೬ನೆಯ ಜುಲೈ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕೆಲಸಕ್ಕೆ ತೊಡಗಿತು. ರಾಣಿ ಚೆನ್ನಮ್ಮನ ಊರು ಹೀಗೆ ಗ್ರಾಮೀಣ ದೂರವಾಣಿಯ ಚರಿತ್ರೆಯಲ್ಲಿಯೂ ಮೊದಲ ಹೆಸರಾಯಿತು. ಕಿತ್ತೂರಿನ ಮಾದರಿಯ ಕೇಂದ್ರಗಳು ಮುಂದೆ ದೇಶದ ಸಾವಿರಾರು ಊರುಗಳಲ್ಲಿ ನಿಂತುವು. ಟ್ರಂಕ್ ಕಾಲಿನ ಕಾಯುವಿಕೆ ಹೋಗಿ, ಹಳ್ಳಿಯವನೂ ತಾನೇ ಅಂಕೆಗಳನ್ನು ಒತ್ತಿ ಪರಸ್ಥಳಕ್ಕೆ ಮಾತನಾಡುವ ಕಾಲ ಬಂದಿತು. ಸಂತೆಬೀದಿಗಳಲ್ಲಿ ಹಳದಿ ಹಲಗೆಯ ಎಸ್‌ಟಿಡಿ ಅಂಗಡಿಗಳು ತೆರೆದುವು.

ಕಾಫಿ ಸೀಮೆಯಲ್ಲಿ ಇದೇ ಕಾಲಕ್ಕೆ ಮತ್ತೊಂದು ಬದಲಾವಣೆ ಒದಗಿ, ದೂರವಾಣಿಯು ಸೌಕರ್ಯದ ಸ್ಥಾನದಿಂದ ಅಗತ್ಯದ ಸ್ಥಾನಕ್ಕೆ ಏರಿತು. ೧೯೪೨ರ ಕಾಯಿದೆಯ ಮೇರೆಗೆ ಬೆಳೆಗಾರನು ತನ್ನ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ ಒಪ್ಪಿಸಬೇಕಾಗಿತ್ತು. ಮಾರುವ ಹೊಣೆ ಮಂಡಳಿಯದು. ಹಣ ಕಂತುಕಂತಾಗಿ ಬರುತ್ತಿತ್ತು. ಹೀಗಿದ್ದಾಗ ದಿನದಿನದ ಧಾರಣೆಯನ್ನು ತಿಳಿದು ಬೆಳೆಗಾರನು ಮಾಡತಕ್ಕದ್ದೇನೂ ಇರಲಿಲ್ಲ. ೧೯೯೨ರಿಂದಾಚೆಗೆ ಈ ನಿರ್ಬಂಧವು ಹಂತಹಂತವಾಗಿ ಸಡಿಲಗೊಂಡು ೧೯೯೬ರಲ್ಲಿ ಪೂರ್ತಿಯಾಗಿ ಹೋಯಿತು. ನಡುವೆ ೧೯೯೪ರಲ್ಲಿ ಬ್ರೆಜಿಲ್ ದೇಶದ ತೋಟಗಳಿಗೆ ಹಿಮ ಹೊಡೆದು ಲೋಕದ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಒಮ್ಮೆಗೇ ಮೇಲೇರಿತು. ನ್ಯೂಯಾರ್ಕಿನಲ್ಲಿ ಅರೇಬಿಕಕ್ಕೂ ಲಂಡನ್ನಿನಲ್ಲಿ ರೊಬಸ್ಟಕ್ಕೂ ಗೊತ್ತಾಗುವ ಬೆಲೆ ಅರೇಹಳ್ಳಿಯ ಗೋದಾಮಿನಲ್ಲಿರುವ ಮೂಟೆಗೆ ನೇರವಾಗಿ ತಟ್ಟುವ ಕಾಲ ಅದು. ಇಂದು ಮಾರಬೇಕೋ, ನಾಳೆಯವರೆಗೆ ಇಟ್ಟುಕೊಳ್ಳಬೇಕೋ ಎಂಬ ನಿರ್ಣಯ ಒಂದು ಕರೆಯ ಮೇಲೆ ನಿಂತಿತು. ಕರೆ ಬರುವುದಾದರೋ ಕೊಯ್ಲಿನ ಕಾಲದಲ್ಲಿ, ಹಗಲಿನಲ್ಲಿ. ಯಜಮಾನನು ಆ ಹೊತ್ತಿಗೆ ಹಜಾರದಲ್ಲಿರುವುದಿಲ್ಲ. ಕಣದಲ್ಲಿರುತ್ತಾನೆ, ಇಲ್ಲವೆ ಹಣ್ಣು ಅಳೆಯಿಸುವ ಕಡೆ ರೈಟರ ಜೊತೆಯಲ್ಲಿ ನಿಂತಿರುತ್ತಾನೆ. ಮನೆಯಿಂದ ಕೂಗಿ ಕರೆದು, ಅವನು ಓಡಿಬರುವಷ್ಟರಲ್ಲಿ ಕರೆ ಕಡಿದುಹೋಗುತ್ತಿತ್ತು. ಹಾಸನದವರೆಗೆ, ಬೆಂಗಳೂರಿನವರೆಗೆ ತಂತಿಯಿದ್ದೂ ಹಜಾರದಿಂದ ಕಣದವರೆಗಿನ ನೂರು ಗಜ ದಾಟದೆ ಉಳಿದಿತ್ತು.

ಆ ನೂರು ಗಜವನ್ನು ದಾಟಿಸಲೆಂದೇ ಹುಟ್ಟಿದುದು ನಿಸ್ತಂತು ದೂರವಾಣಿ. ಅಮೆರಿಕದ ಒಹಾಯೊ ಪ್ರಾಂತದ ಜಾರ್ಜ್ ಸ್ವೀಗರ್ಟ್ ಎಂಬ ಹವ್ಯಾಸಿ ಬಾನುಲಿಗನಿಗೆ ೧೯೬೯ರಲ್ಲಿ ಅಂಥ ಯಂತ್ರದ ಹಕ್ಕುಪತ್ರ ದೊರೆಯಿತು. ಸಾಮಾನ್ಯ ಗೃಹಸ್ಥರು ಅದನ್ನು ಕೊಳ್ಳತೊಡಗಿದುದು ೧೯೮೦ರ ದಶಕದಲ್ಲಿ. ಉದ್ದ ಕಡ್ಡಿಯ ಅಂಟೆನ್ನಾವುಳ್ಳ ಆ ಮೊದಲಿನ ಯಂತ್ರಗಳ ದೋಷಗಳು ಅನೇಕ. ಅಮೆರಿಕದಲ್ಲಿ ಅವಕ್ಕೆ ೪೬ ಮತ್ತು ೪೯ ಮೆಗಾಹರ್ಟ್ಸಿನ ಆಸುಪಾಸಿನಲ್ಲಿ ಹತ್ತೇ ಹತ್ತು ದಾರಿಗಳಿದ್ದುದರಿಂದ ನೆರೆಮನೆಯ ಮಾತು ಈ ಮನೆಗೆ ಕೇಳಿಸುತ್ತಿತ್ತು. ಒಬ್ಬರ ಹ್ಯಾಂಡ್‌ಸೆಟ್ಟಿನಿಂದ ಮತ್ತೊಬ್ಬರ ತಂತಿಯಲ್ಲಿ ಕರೆ ಹೋಗಿ ಬಿಲ್ಲು ಅವರಿಗೆ ಬೀಳುವ ಸಂಭವವೂ ಇತ್ತು. ಈ ದೋಷಗಳನ್ನು ನೀಗಲು ೧೯೯೨ರಲ್ಲಿ ಯುರೋಪಿನವರು ಡೆಕ್ಟ್ ಎಂಬ ಹೊಸ ಕ್ರಮವನ್ನು ಗೊತ್ತುಮಾಡಿದರು. ಅದರಲ್ಲಿ ದನಿಯು ಅಂಕೆಗಳಾಗಿ ಮಾರ್ಪಟ್ಟು, ಗುಟ್ಟಿನ ಲಿಪಿಯಲ್ಲಿ ಹೋಗಬಲ್ಲುದು. ೧೮೮೦ರಿಂದ ೧೯೦೦ ಮೆಗಾಹರ್ಟ್ಸಿನವರೆಗಿನ ಪಟ್ಟಿಯನ್ನು ಹತ್ತು ದಾರಿಗಳಾಗಿ ಹಂಚಿ, ಒಂದೊಂದು ದಾರಿಯಲ್ಲಿಯೂ ಕಾಲವನ್ನು ತುಂಡುತುಂಡು ಮಾಡುತ್ತಾರೆ. ಒಂದು ಸೆಕೆಂಡಿನ ನೂರನೆಯ ಒಂದು ಭಾಗವನ್ನು ೨೪ ತುಂಡಾಗಿಸಿ, ಅದರಲ್ಲಿ ೧೨ನ್ನು ಹೋಗುವ ಮಾತಿಗೂ ೧೨ನ್ನು ಬರುವ ಮಾತಿಗೂ ಮೀಸಲಿಡುತ್ತಾರೆ. ದಾರಿಯೊಂದು ಗದ್ದಲದಿಂದ ತುಂಬಿದರೆ ಯಂತ್ರವು ತಾನೇ ಬೇರೊಂದನ್ನು ಹಿಡಿಯುತ್ತದೆ. ಬಯಲಿನಲ್ಲಿ ಇದರ ವ್ಯಾಪ್ತಿ ಸುಮಾರು ೩೦೦ ಮೀಟರು, ಗೋಡೆಗಳ ನಡುವೆ ಸುಮಾರು ೫೦ ಮೀಟರು. ಹಳೆಯ ಕೂಗಳತೆಗಿಂತ ಇದು ಬಹಳ ಬೇರೆಯಲ್ಲ; ಮಳೆಯ ಸದ್ದಿಗೆ ಸೋಲದ ಕೂಗಳತೆ, ಅಷ್ಟೆ.

ಈ ಉಪಕರಣವನ್ನು ಮನೆಯಲ್ಲಿ ಸ್ಥಾಪಿಸುವ ಕ್ರಮ ಕಷ್ಟದ್ದಲ್ಲ. ಆದರೆ ಮಲೆನಾಡಿನ ಮನೆಗೆ ತಕ್ಕಂತೆ ವಿವೇಚಿಸಿ ಮಾಡತಕ್ಕದ್ದು. ಉಪಕರಣಕ್ಕೆ ಎರಡು ಅಂಗಗಳು: ಗೋಡೆಯ ತಂತಿಗೂ ವಿದ್ಯುತ್ತಿಗೂ ಸೇರಿ ಒಂದೇ ಕಡೆ ಕುಳಿತಿರುವ ಬೇಸ್ ಒಂದು, ಕೈಯಲ್ಲಿ ಹಿಡಿದು ತಿರುಗಾಡುವ ಹ್ಯಾಂಡ್‌ಸೆಟ್ ಮತ್ತೊಂದು. ಬೇಸನ್ನು ಎಲ್ಲಿಡಬೇಕೆಂಬುದೇ ಮುಖ್ಯ ಪ್ರಶ್ನೆ. ಹಳೆಯ ತೊಟ್ಟಿಮನೆಯ ದಪ್ಪ ಮಣ್ಣಿನ ಅಥವಾ ಕಲ್ಲಿನ ಗೋಡೆ ತರಂಗವನ್ನು ಬಹಳವಾಗಿ ಹೀರುತ್ತದೆ. ತಗಡಿನ ಮಾಡು, ಕಬ್ಬಿಣದ ಬೀರು ಅದನ್ನು ತಡೆದು ಹಿಂದಿರುಗಿಸುತ್ತವೆ. ಹಂಚಿನ ಮಾಡು ಮರದ ಕಿಟಕಿಗಳಿಂದ ಅಷ್ಟು ಅಡ್ಡಿಯಿಲ್ಲ. ಆದಕಾರಣ ಬೇಸನ್ನು ಒಳಕೋಣೆಯ ಮೂಲೆಯಲ್ಲಿಡದೆ, ಕಣದ ಕಡೆಗಿರುವ ಕಿಟಕಿಯ ಬಳಿ, ಎದೆಯೆತ್ತರಕ್ಕಿಂತ ಮೇಲೆ ಇಡುವುದು ಲೇಸು. ಟೆಲಿವಿಷನ್, ಮೈಕ್ರೋವೇವ್ ಒಲೆ ಮೊದಲಾದುವುಗಳಿಂದ ಅದು ದೂರವಿರಬೇಕು. ತಾಮ್ರದ ತಂತಿಯ ಮೇಲೆಯೇ ಬ್ರಾಡ್‌ಬ್ಯಾಂಡ್ ಇರುವ ಮನೆಯಲ್ಲಿ ಬೇಸಿನ ತಂತಿಯನ್ನು ಸ್ಪ್ಲಿಟರಿನ ಫೋನ್ ಕಿಂಡಿಗೇ ಸೇರಿಸಬೇಕು. ಇಲ್ಲದಿದ್ದರೆ ಮಾತಿನ ಹಿಂದೆ ಸುಯ್ಯೆಂಬ ಸದ್ದು ಬಿಡುವುದಿಲ್ಲ.

ಹ್ಯಾಂಡ್‌ಸೆಟ್ಟಿನ ಬ್ಯಾಟರಿಯನ್ನು ಮೊದಲ ಸಲ ಹದಿನೈದು ಗಂಟೆಗಳಷ್ಟು ಕಾಲ, ಅಥವಾ ಕೈಪಿಡಿ ಹೇಳುವಷ್ಟು ಹೊತ್ತು, ತುಂಬಲು ಬಿಟ್ಟು ಆಮೇಲೆ ಬಳಸಬೇಕು. ಬ್ಯಾಟರಿಯನ್ನು ಬದಲಿಸುವಾಗ ಮರುತುಂಬುವ ಜಾತಿಯದನ್ನೇ ಹಾಕಬೇಕು. ಅಂಗಡಿಯ ಸಾಮಾನ್ಯ ಸೆಲ್ಲನ್ನು ಹಾಕಿ ಚಾರ್ಜಿಗಿಟ್ಟರೆ ಅದು ಸೋರಬಹುದು, ಸಿಡಿಯಲೂಬಹುದು. ಹೊಸ ಹ್ಯಾಂಡ್‌ಸೆಟ್ಟನ್ನು ಬೇಸಿಗೆ ಪರಿಚಯ ಮಾಡಿಸುವ ವಿಧಿಯೊಂದುಂಟು. ಬೇಸಿನ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು, ಹ್ಯಾಂಡ್‌ಸೆಟ್ಟಿನಲ್ಲಿ ನೋಂದಣಿಯನ್ನು ಆರಿಸಿ, ಕೇಳಿದಾಗ ಗುಟ್ಟಿನ ಅಂಕೆಯನ್ನು ಕೊಟ್ಟರೆ ಆಯಿತು. ಕಾರ್ಖಾನೆಯಿಂದ ಬರುವಾಗ ಅದು ಸಾಮಾನ್ಯವಾಗಿ ನಾಲ್ಕು ಸೊನ್ನೆಗಳಾಗಿರುತ್ತದೆ. ಹೀಗೆ ಒಂದೇ ಬೇಸಿಗೆ ಹಲವು ಹ್ಯಾಂಡ್‌ಸೆಟ್ಟುಗಳನ್ನು ಸೇರಿಸಿ, ಒಂದನ್ನು ಅಡಿಗೆಮನೆಯಲ್ಲಿ, ಒಂದನ್ನು ಗೋದಾಮಿನಲ್ಲಿ, ಒಂದನ್ನು ವೃದ್ಧರ ಹಾಸಿಗೆಯ ಬಳಿ ಇಡಬಹುದು. ಅವುಗಳ ನಡುವೆ ಮಾತನಾಡಲು ಹೊರಗಿನ ತಂತಿಯೂ ಬೇಕಿಲ್ಲ, ಕಾಸೂ ಬೇಕಿಲ್ಲ. ಹ್ಯಾಂಡ್‌ಸೆಟ್ಟು ಎಲ್ಲಿಯೋ ಮರೆತುಹೋದಾಗ ಬೇಸಿನ ಗುಂಡಿಯೊತ್ತಿದರೆ ಅದು ತಾನಿರುವಲ್ಲಿಂದಲೇ ಕೂಗುತ್ತದೆ. ಕಾಫಿ ರಾಶಿಯ ಮೇಲೆ ಬಿಟ್ಟುಬಂದ ಯಂತ್ರವನ್ನು ಹುಡುಕಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ಪರದೇಶದಲ್ಲಿರುವ ಮಕ್ಕಳು ಊರಿಗೆ ಬರುವಾಗ ತಂದ ಯಂತ್ರಗಳ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಅಮೆರಿಕದ ಡೆಕ್ಟ್ ೬.೦ ಎಂಬ ಯಂತ್ರಗಳು ೧೯೨೦ರಿಂದ ೧೯೩೦ ಮೆಗಾಹರ್ಟ್ಸಿನ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಭಾರತದಲ್ಲಿ ಆ ಪಟ್ಟಿಯನ್ನು ೩ಜಿ ಮೊಬೈಲ್ ಸೇವೆಗೆ ಹಂಚಿದುದರಿಂದ, ಅಂಥ ಒಂದು ಯಂತ್ರವು ಸುತ್ತಲಿನ ಹಲವರ ಮಾತನ್ನು ಕೆಡಿಸಬಲ್ಲುದು. ಆ ಕಾರಣದಿಂದಲೇ ಅವುಗಳ ಬಳಕೆ ಇಲ್ಲಿ ನಿಷಿದ್ಧ. ಅಲ್ಲಿನ ವಿದ್ಯುತ್ತು ೧೨೦ ವೋಲ್ಟು, ಇಲ್ಲಿನದು ೨೩೦. ಅಲ್ಲಿನ ಅಡಾಪ್ಟರನ್ನು ಇಲ್ಲಿ ಸಿಕ್ಕಿಸಿದರೆ ಮಗನ ಪ್ರೀತಿಯ ಕಾಣಿಕೆ ಒಂದು ಕ್ಷಣದಲ್ಲಿ ಸುಟ್ಟುಹೋಗಬಹುದು.

ಇನ್ನು ಎರಡನೆಯ ಕಾಣದ ಕಟ್ಟಿನ ವಿಚಾರ; ಇದೇ ಎಲ್ಲಕ್ಕಿಂತ ಮುಖ್ಯವಾದುದು. ತಂತಿಯುಳ್ಳ ಹಳೆಯ ಫೋನಿಗೆ ಮನೆಯ ವಿದ್ಯುತ್ತು ಬೇಕಾಗಿರಲಿಲ್ಲ. ವಿನಿಮಯ ಕೇಂದ್ರದಲ್ಲಿರುವ ಬ್ಯಾಟರಿಗಳ ಸಾಲು ೪೮ ವೋಲ್ಟಿನ ವಿದ್ಯುತ್ತನ್ನು ಅದೇ ತಾಮ್ರದ ಜೋಡಿಯ ಮೇಲೆ ಕಳುಹಿ ಪ್ರತಿಯೊಂದು ಮನೆಯ ಫೋನಿಗೂ ಪ್ರಾಣ ಕೊಡುತ್ತಿತ್ತು. ಬಿರುಗಾಳಿಗೆ ಕರೆಂಟು ಹೋಗಿ ಊರೆಲ್ಲ ಕತ್ತಲಾದ ರಾತ್ರಿಯೂ, ತಂತಿಯೊಂದು ಉಳಿದಿದ್ದರೆ ಫೋನೆತ್ತಿದವನಿಗೆ ಡಯಲ್ ಟೋನು ಕೇಳುತ್ತಿತ್ತು. ನಿಸ್ತಂತು ಫೋನಿನ ಸ್ಥಿತಿ ಹೀಗಲ್ಲ. ಹ್ಯಾಂಡ್‌ಸೆಟ್ಟಿನಲ್ಲಿ ಬ್ಯಾಟರಿ ತುಂಬಿದ್ದರೂ ಬೇಸಿಗೆ ಮನೆಯ ಕರೆಂಟೇ ಆಧಾರ. ಕರೆಂಟು ಹೋದೊಡನೆ ಬೇಸು ಸಾಯುತ್ತದೆ. ಹೊರಗಿನ ತಂತಿ ಜೀವಂತವಾಗಿದ್ದರೂ ಕೈಯಲ್ಲಿರುವ ಯಂತ್ರ ಮೂಕವಾಗುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಇಲ್ಲದಿರುವ ಸೀಮೆಯಲ್ಲಿ, ಹೆರಿಗೆಯ ನೋವು ಬಂದಾಗ, ಹಾವು ಕಡಿದಾಗ, ಮುದುಕರಿಗೆ ಎದೆನೋವು ತಟ್ಟಿದಾಗ ಇದರ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ. ಬಲ್ಲ ಮನೆಯವರು ಆದಕಾರಣ ನಿಸ್ತಂತು ಫೋನನ್ನು ಕೊಂಡರೂ ಹಳೆಯ ಕರಿಯ ಫೋನನ್ನು ಗುಜರಿಗೆ ಹಾಕದೆ ಅದೇ ತಂತಿಗೆ ಸೇರಿಸಿ ಮೂಲೆಯಲ್ಲಿಟ್ಟುಕೊಂಡರು.

ಸಿಡಿಲಿನ ವಿಷಯದಲ್ಲಿಯೂ ಇದೇ ಮಾತು. ಹಳೆಯ ಫೋನಿಗೆ ಸಿಡಿಲಿನ ಹೊಡೆತ ಬರುವ ದಾರಿ ಒಂದು, ಫೋನಿನ ತಂತಿ. ನಿಸ್ತಂತು ಫೋನಿನ ಬೇಸಿಗೆ ದಾರಿಗಳೆರಡು, ಫೋನಿನ ತಂತಿ ಮತ್ತು ವಿದ್ಯುತ್ತಿನ ತಂತಿ. ಹೂಮಳೆಯ ಕಾಲದಲ್ಲಿ ಗುಡುಗು ಕೇಳಿಸುತ್ತಲೇ ಎರಡನ್ನೂ ಕಿತ್ತಿಡುವುದು ವಿಹಿತ. ಸಿಡಿಲು ತೀರ ಹತ್ತಿರವಾದ ಮೇಲೆ ಅವನ್ನು ಮುಟ್ಟುವುದೇ ಅಪಾಯ. ಒಂದನ್ನು ಮಾತ್ರ ಕಿತ್ತವನು ಬಾಗಿಲು ಮುಚ್ಚಿ ಕಿಟಕಿ ತೆರೆದಿಟ್ಟವನಂತೆ.

ಈ ಯಂತ್ರವು ಮನೆಯ ಒಳಬಾಳಿನಲ್ಲಿ ತಂದ ಬದಲಾವಣೆಯೂ ಚರಿತ್ರೆಗೆ ಸೇರತಕ್ಕದ್ದೇ. ತಂತಿಯುಳ್ಳ ಫೋನು ಹಜಾರದಲ್ಲಿರುತ್ತಿತ್ತು. ಹಜಾರವೆಂದರೆ ಗಂಡಸರು, ಅತಿಥಿಗಳು, ಲೆಕ್ಕದ ಪುಸ್ತಕ ಇರುವ ಸ್ಥಳ. ಅಲ್ಲಿ ನಿಂತು ಮಾತನಾಡುವ ಸೊಸೆಯ ಮಾತು ಮನೆಗೆಲ್ಲ ಕೇಳುತ್ತಿತ್ತು. ತವರಿನಿಂದ ಬಂದ ಕರೆಗೆ ಅವಳು ಚೆನ್ನಾಗಿದ್ದೇನೆ ಎಂಬುದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ. ತಂತಿ ಕಳಚಿದ ಮೇಲೆ ಆ ಮಾತು ಅಡಿಗೆಮನೆಗೆ, ಹಿತ್ತಲಿಗೆ, ಬಾವಿಕಟ್ಟೆಗೆ ಹೋಗಲು ಸಾಧ್ಯವಾಯಿತು. ನಡೆಯಲಾರದ ಅಜ್ಜಿಯ ಬಳಿಗೆ ಮೊಮ್ಮಗನ ದನಿಯೇ ಬಂದಿತು. ತೋಟದ ವ್ಯವಹಾರಕ್ಕಾಗಿ ತಂದ ಯಂತ್ರದಿಂದ ಮನೆಯ ಹೆಂಗಸರಿಗೂ ವೃದ್ಧರಿಗೂ ಒದಗಿದ ಉಪಕಾರ ಯಾವ ಲೆಕ್ಕದ ಪುಸ್ತಕದಲ್ಲಿಯೂ ಸೇರಲಿಲ್ಲ.

ಹಜಾರದಿಂದ ಕಣದವರೆಗಿನ ತಂತಿ ಹೀಗೆ ಕಳಚಿದ ಬಳಿಕ, ಕಂಬದಿಂದ ಮನೆಯವರೆಗಿನ ತಂತಿಯನ್ನೂ ಕಳಚುವ ಯತ್ನಗಳು ನಡೆದುವು. ಹಳ್ಳಿಯ ಸಾರ್ವಜನಿಕ ಫೋನುಗಳಿಗೆ ಮಾರ್ ಎಂಬ ಬಾನುಲಿ ಏರ್ಪಾಡನ್ನು ಹಾಕಿ ನೋಡಿದರ. ಪದೇ ಪದೇ ಕೆಡುತ್ತಿದ್ದ ಅದನ್ನು ಮುಂದೆ ಬದಲಿಸಬೇಕಾಯಿತು. ಮದರಾಸಿನ ಐಐಟಿಯಲ್ಲಿ ಪ್ರಾಧ್ಯಾಪಕ ಅಶೋಕ್ ಝುನ್‌ಝುನ್‌ವಾಲಾ ಅವರ ತಂಡವು, ಮನೆಯ ನಿಸ್ತಂತು ಫೋನಿಗಾಗಿ ಹುಟ್ಟಿದ ಅದೇ ಡೆಕ್ಟ್ ಕ್ರಮವನ್ನು ಹಿಗ್ಗಿಸಿ, ಕಾರ್‌ಡೆಕ್ಟ್ ಎಂಬ ಹೊಸ ಏರ್ಪಾಡನ್ನು ೧೯೯೦ರ ದಶಕದಲ್ಲಿ ರೂಪಿಸಿತು. ಅಡ್ಡಿಯಿಲ್ಲದೆ ಕಣ್ಣಿಗೆ ಕಾಣುವ ನೇರದಲ್ಲಿದ್ದರೆ ಹತ್ತು ಕಿಲೋಮೀಟರಿನವರೆಗೆ ಅದು ಮುಟ್ಟುತ್ತಿತ್ತು. ಕೂಗಳತೆಯ ಯಂತ್ರವನ್ನು ಗಾವುದದಳತೆಗೆ ಏರಿಸಿದ ಈ ಕೆಲಸ ಮೆಚ್ಚತಕ್ಕದ್ದು. ಆದರೆ ದಿಣ್ಣೆಯ ಹಿಂದೆ ಅಡಗಿದ ಮಲೆನಾಡಿನ ಮನೆಗೆ ಆ ನೇರ ದೃಷ್ಟಿಯೇ ದುರ್ಲಭ. ೨೦೦೦ನೆಯ ಅಕ್ಟೋಬರ್ ೧ರಂದು ಹುಟ್ಟಿದ ಬಿಎಸ್‌ಎನ್‌ಎಲ್ ಸಂಸ್ಥೆಯ ಡಬ್ಲ್ಯೂಎಲ್ಎಲ್ ಫೋನುಗಳು ಮಲೆನಾಡಿನ ಮನೆಗಳಿಗೆ ಕೆಲವು ವರ್ಷ ಆಸರೆಯಾಗಿದ್ದು ಆಮೇಲೆ ನಿಂತುಹೋದುವು. ಅಷ್ಟರಲ್ಲಿ ಮೊಬೈಲು ಬಂದಿತ್ತು. ೨೦೦೬ರ ಸುಮಾರಿಗೆ ದೇಶದಲ್ಲಿ ಐದು ಕೋಟಿಯನ್ನು ಮುಟ್ಟಿದ್ದ ತಂತಿಯ ಫೋನುಗಳು ೨೦೨೦ರ ವೇಳೆಗೆ ಎರಡು ಕೋಟಿಗೆ ಇಳಿದುವು.

ಇಂದು ತಾಮ್ರದ ಸ್ಥಾನಕ್ಕೆ ಗಾಜಿನ ಎಳೆ, ಎಂದರೆ ಫೈಬರು, ಬರುತ್ತಿದೆ. ಬೆಳಕಿನ ಮೇಲೆ ದನಿಯನ್ನು ಹೊರಿಸುವ ೧೮೮೦ರ ಬೆಲ್ಲನ ಕನಸು, ಮೋಡದ ಭಯವಿಲ್ಲದೆ, ಈ ಎಳೆಯೊಳಗೆ ನನಸಾಗಿದೆ. ನಿಸ್ತಂತು ಫೋನಿನ ಬೇಸನ್ನು ಈ ಫೈಬರಿನ ಪೆಟ್ಟಿಗೆಯ ಫೋನ್ ಕಿಂಡಿಗೆ ಸೇರಿಸಿ ಹಿಂದಿನಂತೆಯೇ ಬಳಸಬಹುದು. ಆದರೆ ಗಾಜು ಬೆಳಕನ್ನು ಒಯ್ಯುತ್ತದೆಯೇ ಹೊರತು ವಿದ್ಯುತ್ತನ್ನು ಒಯ್ಯುವುದಿಲ್ಲ. ಕೇಂದ್ರದ ಬ್ಯಾಟರಿ ಮನೆಗೆ ಪ್ರಾಣ ಕೊಡುವ ಕಾಲ ಅಲ್ಲಿಗೆ ಮುಗಿಯಿತು. ಮೂಲೆಯಲ್ಲಿ ಕಾದಿರಿಸಿದ ಹಳೆಯ ಕರಿಯ ಫೋನನ್ನು ಆ ಪೆಟ್ಟಿಗೆಗೆ ಸೇರಿಸಿದರೂ, ಕರೆಂಟು ಹೋದಾಗ ಅದೂ ಮೂಕವೇ. ಮೊಬೈಲನ್ನು ನಂಬೋಣವೆಂದರೆ ಗೋಪುರದ ಬ್ಯಾಟರಿಯೂ ಡೀಸೆಲ್ಲೂ ತೀರಿದ ಮೇಲೆ ಅದರ ಗತಿಯೂ ಅದೇ. ಬೇಲೂರು, ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳು ತೋಟಕ್ಕಿಳಿದ ಸುದ್ದಿಯನ್ನು ಜನರಿಗೆ ಮುಟ್ಟಿಸುವ ಸಂದೇಶಗಳು ಕೂಡ ಈಗ ಮೊಬೈಲಿನ ಮೂಲಕವೇ ಬರುತ್ತವೆ. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟ ಕೂಲಿಕಾರನಿಗೆ ಆ ಒಂದು ಸಾಲು ತಲಪುವುದೂ ತಲಪದಿರುವುದೂ ಪ್ರಾಣದ ಪ್ರಶ್ನೆ.

ಆದುದರಿಂದ ಮಲೆನಾಡಿನ ಗೃಹಸ್ಥನು ತನ್ನ ಮನೆಯ ದೂರವಾಣಿಯನ್ನು ಕುರಿತು ಕೇಳಿಕೊಳ್ಳತಕ್ಕ ಪ್ರಶ್ನೆ, ಅದಕ್ಕೆ ತಂತಿಯುಂಟೋ ಇಲ್ಲವೋ ಎಂಬುದಲ್ಲ. ಕರೆಂಟು ಹೋದ ಮೇಲೆ ಅದು ಎಷ್ಟು ಹೊತ್ತು ಬದುಕಿರುತ್ತದೆ ಎಂಬುದು. ಫೈಬರಿನ ಪೆಟ್ಟಿಗೆಗೂ ನಿಸ್ತಂತು ಫೋನಿನ ಬೇಸಿಗೂ ಬೇಕಾದ ವಿದ್ಯುತ್ತು ಬಹಳ ಸ್ವಲ್ಪ. ಒಂದು ಚಿಕ್ಕ ಬ್ಯಾಟರಿಯೋ ಮನೆಯ ಯುಪಿಎಸ್ಸಿನ ಒಂದು ಕೊನೆಯೋ ಅವೆರಡನ್ನೂ ಕೆಲವು ಗಂಟೆ ನಡೆಸಬಲ್ಲುದು. ಮುಂಗಾರು ಹಿಡಿಯುವ ಮೊದಲು ಹಂಚು ತಿರುವಿ ಸೌದೆ ಕೂಡಿಡುವ ಮನೆಯವರು ಒಂದು ದಿನ ಮೇನ್ ಸ್ವಿಚ್ಚನ್ನು ಆರಿಸಿ, ಹ್ಯಾಂಡ್‌ಸೆಟ್ಟನ್ನು ಕಣದ ತುದಿಗೆ ಒಯ್ದು, ಡಯಲ್ ಟೋನು ಕೇಳುವುದೋ ಇಲ್ಲವೋ ನೋಡಿಕೊಳ್ಳುವುದು ಒಳ್ಳೆಯದು. ಕೇಳಿದರೆ ಆ ಮನೆ ಮಳೆಗಾಲದಲ್ಲಿಯೂ ಲೋಕದ ಕೂಗಳತೆಯಲ್ಲಿದೆಯೆಂದು ತಿಳಿಯಬಹುದು.